ಗಾಳ ಹಾಕುವವರೂ ಮೇಕೆದಾಟಿನ ಮೇಕೆಯೂ

ದೊಡ್ಡ ಮೀನು ಇರುವುದು ಅಪಾಯದ ಮಡುವಿನಲ್ಲೇ ಎಂಬುದು ಕಾವೇರಿಯಲ್ಲಿ ಗಾಳ ಹಾಕುವವರ ಗಟ್ಟಿ ನಂಬಿಕೆ. ಪೂರ್ತಿ ಸುಳ್ಳೇನಲ್ಲ. ಆದರೆ ಆ ಜಾಗ ಮೀನಿಗೆ ಒಗ್ಗುತ್ತದೆ, ಗಾಳ ಹಿಡಿದವನಿಗಲ್ಲ. ಮೇಕೆದಾಟಿನಲ್ಲಿ ಅಗಲವಾದ ನದಿ ಇಕ್ಕಟ್ಟಾದ ಕಲ್ಲಿನ ಕೊರಕಲಿಗೆ ನುಗ್ಗುತ್ತದೆ. ಸುಳಿಗೆ ಸಿಕ್ಕ ಕಲ್ಲುಗಳು ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ಬಂಡೆಯನ್ನೇ ರುಬ್ಬಿದ ನೀರು ಮನುಷ್ಯನಿಗೆ ರಿಯಾಯಿತಿ ತೋರುವುದಿಲ್ಲ. ಐತಿಹ್ಯದ ಪ್ರಕಾರ ಈ ಕೊರಕಲನ್ನು ಹಾರಿ ದಾಟಿದ್ದು ಒಂದು ಮೇಕೆ. ಅದರ ಕಾಲಲ್ಲಿ ಹವಾಯಿ ಚಪ್ಪಲಿ ಇರಲಿಲ್ಲ, ಕೈಯಲ್ಲಿ ಮೊಬೈಲೂ ಇರಲಿಲ್ಲ.

ಇನ್ನೊಂದು ತಾಪತ್ರಯ ಅಣೆಕಟ್ಟಿನದು. ದೂರದಲ್ಲೆಲ್ಲೋ ಗೇಟು ತೆರೆದರೆ, ಮೋಡವೇ ಇಲ್ಲದ ಆಕಾಶದ ಕೆಳಗೂ ನೀರು ಏರುತ್ತದೆ. ಬೆಳಗ್ಗೆ ನಡೆದೇ ತಲುಪಿದ ಬಂಡೆ ಮಧ್ಯಾಹ್ನಕ್ಕೆ ದ್ವೀಪ; ಬುತ್ತಿ ಈ ದಡದಲ್ಲಿ, ಹಸಿವು ಆ ಬಂಡೆಯಲ್ಲಿ. ಎಚ್ಚರಿಕೆಯ ಫಲಕವೇನೋ ಇರುತ್ತದೆ, ಒದ್ದೆ ಅಂಗಿ ಒಣಹಾಕಲು ಅನುಕೂಲವಾಗಿ.

ಕಾವೇರಿಯ ಡುಬ್ಬದ ಮಹಶೀರ್ ಮೀನು 2018ರಿಂದ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಬಂಡೆಯ ಅಂಚಿನಲ್ಲಿ ನಿಂತವನ ಸ್ಥಿತಿಯೂ ಹೆಚ್ಚುಕಡಿಮೆ ಅದೇ, ಪಟ್ಟಿಗೆ ಸೇರಿಲ್ಲ ಅಷ್ಟೆ. ವನ್ಯಜೀವಿಧಾಮದೊಳಗೆ ಗಾಳ ಇಳಿಬಿಡುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. ಅದರ ಹೊರಗೆ ಗಾಳ ಹಾಕುವವರು ಹೋಗುವ ಜಾಗವನ್ನು ಮನೆಯಲ್ಲಿ ಹೇಳಿ, ಲೈಫ್ ಜಾಕೆಟ್ ತೊಟ್ಟು, ಪಾಚಿ ಕಟ್ಟಿದ ಕಲ್ಲನ್ನು ಬಿಟ್ಟು ಕೂರಬೇಕು. ತಿಳಿನೀರು ಕೆಂಪಗಾಗಿ ಕಸಕಡ್ಡಿ ತೇಲಿಬಂತೆಂದರೆ ಗಾಳವನ್ನು ಅಲ್ಲೇ ಬಿಟ್ಟು ದಡ ಹತ್ತುವುದು. ಗಾಳ ಸಂತೆಯಲ್ಲಿ ಸಿಗುತ್ತದೆ.