ಪಾಲಿನ ಕೋಳಿ

ನಮ್ಮ ಹಳ್ಳಿಗಳ ಕಡೆ ಹಸು, ಕುರಿ, ಕೋಳಿಗಳನ್ನು ಪಾಲಿಗೆ ಕೊಡುವುದುಂಟು. ಹೇಂಟೆ ಒಬ್ಬರದು, ಸಾಕುವವರು ಇನ್ನೊಬ್ಬರು, ಮರಿ ದೊಡ್ಡವಾದ ಮೇಲೆ ಅರ್ಧಕ್ಕರ್ಧ. ಕಾಗದವಿಲ್ಲ, ಪತ್ರವಿಲ್ಲ, ಜಗುಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತ ಒಬ್ಬ ಮುದುಕಿ ಸಾಕ್ಷಿಗೆ ಇದ್ದರೆ ಆಯಿತು. ಇಷ್ಟು ಸರಳವಾದ ಏರ್ಪಾಡನ್ನು ಹಾಸನದ ನಮ್ಮ ಬಡಾವಣೆಗೆ ತಂದು, ಅದಕ್ಕೊಂದು ದಪ್ಪ ರಟ್ಟಿನ ಲೆಕ್ಕದ ಪುಸ್ತಕ ಇಟ್ಟವರು ಪಕ್ಕದ ಮನೆಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಆಮೇಲೆ ಭಾಗಿಸಲು ಏನೂ ಸಿಗದೆ ಒದ್ದಾಡುತ್ತಿದ್ದರು. ಅಮ್ಮ ಊರಿನಿಂದ ಒಂದು ನಾಟಿ ಹೇಂಟೆಯನ್ನು ವೈರ್ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿಳಿದು ಬಂದದ್ದೇ ತಡ, ಕಾಂಪೌಂಡಿನ ಮೇಲಿಂದ ಅವರ ತಲೆ ಕಾಣಿಸಿತು.

"ಏನ್ರೀ, ಒಬ್ಬರೇ ಸಾಕ್ತೀರೋ, ಪಾಲಿಗೋ?"

ಹೇಂಟೆ ಆ ಮಾತನ್ನು ಕೇಳಿಸಿಕೊಂಡಿತೋ ಏನೋ. ನಾನು ಮಾಡಿಸಿದ್ದ ಬಲೆಯ ಗೂಡನ್ನು ಬಿಟ್ಟು ಕಾಂಪೌಂಡು ಹಾರಿ, ಮೇಷ್ಟ್ರ ಹಿತ್ತಲಿನ ಶೆಡ್ಡಿನಲ್ಲಿ, ಹಳೇ ಪ್ರಶ್ನೆಪತ್ರಿಕೆಗಳ ಪೆಟ್ಟಿಗೆಯೊಳಗೆ ಮೊಟ್ಟೆ ಇಡಲು ಶುರು ಮಾಡಿತು. ನುಚ್ಚು ತಿನ್ನುವುದು ನಮ್ಮಲ್ಲಿ, ಮೊಟ್ಟೆ ಅವರಲ್ಲಿ. "ಕೋಳಿ ನಿಮ್ಮದು, ಜಾಗ ನಮ್ಮದು" ಎಂದು ಮೇಷ್ಟ್ರು ಮೊದಲ ಪುಟದಲ್ಲಿ ಬರೆದು ಅಡಿಗೆರೆ ಹಾಕಿದರು. ಅವರ ಮನೆಯವರಿಗೂ ಅದಕ್ಕೂ ಮೊದಲ ದಿನದಿಂದಲೇ ಆಗಿಬರಲಿಲ್ಲ; ತುಳಸಿ ಕಟ್ಟೆಯ ಮಣ್ಣನ್ನೆಲ್ಲ ಕೆದರಿ ಹಾಕುತ್ತಿತ್ತು. ಆ ನಷ್ಟಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಹೇಂಟೆ ಕಾವಿಗೆ ಕೂತಿತು. ರೆಕ್ಕೆ ಕೆದರಿ, ಮೈ ಚಪ್ಪಟೆ ಮಾಡಿಕೊಂಡು, ಹತ್ತಿರ ಹೋದರೆ ಗುರ್ ಎನ್ನುತ್ತಾ ಪೆಟ್ಟಿಗೆ ಬಿಟ್ಟು ಏಳದು. ಆದರೆ ನಮ್ಮ ಬೀದಿಯಲ್ಲಿ ಹುಂಜವೇ ಇಲ್ಲ. ಅದು ಕೂತಿದ್ದ ಮೊಟ್ಟೆಗಳು ಆಮ್ಲೆಟ್ಟಿಗೆ ಆಗುವಂಥವೇ ಹೊರತು ಮರಿಗಲ್ಲ. ಅಮ್ಮ ಹೇಳಿದರು, "ಬೇರೆ ಮೊಟ್ಟೆ ತಂದು ಇಕ್ರಪ್ಪ, ಅದಕ್ಕೇನು ಗೊತ್ತಾಯ್ತದೆ?" ಮೇಷ್ಟ್ರ ಹಳೇ ಶಿಷ್ಯನೊಬ್ಬನ ತೋಟದಿಂದ ಗಿರಿರಾಜನ ಮೊಟ್ಟೆ ಬಂದವು. ಗಿರಿರಾಜ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಹಿತ್ತಲಿನ ಸಾಕಣೆಗೆಂದೇ ಅಭಿವೃದ್ಧಿಪಡಿಸಿದ ತಳಿ. ಬೇಗ ಮೈ ತುಂಬುತ್ತದೆ, ಮೊಟ್ಟೆಯೂ ನಾಟಿಗಿಂತ ಹೆಚ್ಚು. ಆದರೆ ಕಾವಿಗೆ ಕೂರು ಎಂದರೆ ಮಾತ್ರ ಅದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಗಿರಿರಾಜನ ಮೊಟ್ಟೆಗೆ ನಾಟಿ ಹೇಂಟೆಯೇ ಗತಿ. ಹೀಗೆ ಮೊಟ್ಟೆ ತೋಟದ್ದು, ಕಾವು ನಮ್ಮದು, ಪೆಟ್ಟಿಗೆ ಮೇಷ್ಟ್ರದು. ಪಾಲು ಮೂರಾಯಿತು, ಪುಸ್ತಕದಲ್ಲಿ ಭಿನ್ನರಾಶಿ ಬಂತು. ಮೇಷ್ಟ್ರ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಬಂತು.

ಅಷ್ಟಕ್ಕೇ ನಿಂತಿದ್ದರೆ ಅವರು ಮೇಷ್ಟ್ರು ಹೇಗಾಗುತ್ತಾರೆ? ಅರ್ಧ ಮೊಟ್ಟೆ ಕೋಳಿಗೆ, ಇನ್ನರ್ಧ ಯಂತ್ರಕ್ಕೆ, ಯಾರು ಗೆಲ್ಲುತ್ತಾರೋ ನೋಡೋಣ ಎಂದರು. ಯಂತ್ರವೆಂದರೆ ಹಣ್ಣಿನ ಅಂಗಡಿಯಿಂದ ತಂದ ಥರ್ಮಾಕೋಲ್ ಡಬ್ಬ, ಒಂದು ಬಟ್ಟಲು ನೀರು, ಒಂದು ಥರ್ಮಾಮೀಟರು, ಬಿಸಿಗೆ ಬಲ್ಬು. ಈ ಬಲ್ಬು ಸಿಗುವುದೇ ಕಷ್ಟವಾಯಿತು. ಎಲ್‌ಇಡಿ ಬಲ್ಬು ಕಾವು ಕೊಡುವುದಿಲ್ಲ. ಹಳೇ ಕಾಲದ, ತಂತಿ ಕಾದು ಉರಿಯುವ ನಲವತ್ತು ವಾಟಿನದೇ ಬೇಕು. ಅಂಗಡಿಯವನು, "ಸಾರ್, ಜನ ಬಿಸಿಯಾಗದ ಬಲ್ಬು ಕೇಳ್ಕೊಂಡು ಬರ್ತಾರೆ, ನೀವು ಬಿಸಿ ಆಗೋದು ಕೇಳ್ತೀರಲ್ಲ" ಎಂದು ಅಟ್ಟದ ಮೇಲಿಂದ ಧೂಳು ಹಿಡಿದ ಎರಡನ್ನು ಇಳಿಸಿಕೊಟ್ಟ.

37.5 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಮಗುಚಬೇಕು, ಇಲ್ಲದಿದ್ದರೆ ಒಳಗಿನ ಜೀವ ಒಂದು ಕಡೆ ಅಂಟಿಕೊಳ್ಳುತ್ತದೆ. 18ನೇ ದಿನದ ಮೇಲೆ ಮಗುಚಬಾರದು, ಆದರೆ ತೇವ ಹೆಚ್ಚಿಸಬೇಕು. ಮೇಷ್ಟ್ರು ಇದಕ್ಕೆಲ್ಲ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರು. ಮೊಟ್ಟೆಯ ಒಂದು ಪಕ್ಕಕ್ಕೆ 'ಅ', ಇನ್ನೊಂದು ಪಕ್ಕಕ್ಕೆ 'ಆ' ಎಂದು ಪೆನ್ಸಿಲಿನಲ್ಲಿ ಬರೆದರು. ಪೆಟ್ಟಿಗೆಯಲ್ಲಿದ್ದ ಹೇಂಟೆ ಇದೇ ಕೆಲಸವನ್ನೆಲ್ಲ ಕಣ್ಣು ಮುಚ್ಚಿಕೊಂಡು ಮಾಡುತ್ತಿತ್ತು. ದಿನಕ್ಕೊಮ್ಮೆ ಎದ್ದು, ಗಬಗಬನೆ ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ, ಓಡಿ ಬಂದು ಕೂರುತ್ತಿತ್ತು. ಅಮ್ಮ ಪೆಟ್ಟಿಗೆಯ ಮೂಲೆಯಲ್ಲಿ ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ ಇಟ್ಟಿದ್ದರು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು. ಎದುರಿಗೆ ದೀಪಾವಳಿ ಇತ್ತು. "ಪಟಾಕಿಗೂ ಆಗುತ್ತೇನಮ್ಮ?" ಎಂದು ಮೇಷ್ಟ್ರು ಕೇಳಿದರು. ಕೇಳಿದ ಧಾಟಿ ಗೇಲಿಯದು. ಮಾರನೆಯ ದಿನ ನೋಡಿದರೆ ಥರ್ಮಾಕೋಲ್ ಡಬ್ಬದಲ್ಲೂ ಒಂದು ಮೆಣಸಿನಕಾಯಿ.

ಒಂದು ವಾರ ಕಳೆದ ಮೇಲೆ ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಇಟ್ಟು ನೋಡಿದೆವು. ಬೀದಿಯ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ಕೆಂಪಗೆ ಹೊಳೆಯುವ ಮೊಟ್ಟೆಯೊಳಗೆ ಜೇಡನಂತೆ ಕಾಲು ಚಾಚಿದ ರಕ್ತನಾಳಗಳು, ನಡುವೆ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಮಿಡುಕಿತು. ಒಬ್ಬ ಹುಡುಗಿ, "ಅಜ್ಜ, ಇದಕ್ಕೆ ನಾನು ಹೆಸರಿಡ್ತೀನಿ" ಅಂದಳು. ಆಗಲೇ ತಡೆಯಬೇಕಿತ್ತು. ಯಾರೂ ತಡೆಯಲಿಲ್ಲ.

ಒಂದು ರಾತ್ರಿ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರೇ ಕೆಟ್ಟಿದೆ, ಬೆಳಿಗ್ಗೆ ನೋಡೋಣ ಎಂಬ ಉತ್ತರ ಬಂತು. ಮೇಷ್ಟ್ರು ಉಣ್ಣೆ ಟೋಪಿಯೊಳಗೆ ಮೊಟ್ಟೆ ತುಂಬಿಕೊಂಡು ಶೆಡ್ಡಿಗೆ ಓಡಿದರು. ನಾನು ಟಾರ್ಚು ಹಿಡಿದೆ. ಹೇಂಟೆ ಮೊದಲು ಅವರ ಮಣಿಕಟ್ಟಿಗೆ ರಕ್ತ ಬರುವ ಹಾಗೆ ಕುಕ್ಕಿತು. ಆಮೇಲೆ ಎದುರಿಗಿಟ್ಟ ಮೊಟ್ಟೆಯ ಆಚೆ ಕೊಕ್ಕು ಚಾಚಿ, ಗಲ್ಲದಿಂದ ತನ್ನ ಕಡೆಗೆ ಉರುಳಿಸಿ, ಎದೆಯ ಅಡಿಗೆ ಸೇರಿಸಿ, ಮೈ ಅಲ್ಲಾಡಿಸಿ ಕೂತಿತು. ಒಂದಾದ ಮೇಲೆ ಒಂದು, ಎಲ್ಲವನ್ನೂ. ಪಂದ್ಯ ಅಲ್ಲಿಗೆ ಮುಗಿಯಿತು. ಮೇಷ್ಟ್ರು ಪುಸ್ತಕದಲ್ಲಿ 'ಯಂತ್ರ' ಎಂಬ ಕಾಲಮ್ಮಿಗೆ ಉದ್ದಕ್ಕೊಂದು ಗೀಟು ಎಳೆದರು.

21ನೇ ದಿನ ಮೇಷ್ಟ್ರು ಕೈಗಡಿಯಾರ ಕಟ್ಟಿಕೊಂಡು ಪರೀಕ್ಷೆಯ ಮೇಲ್ವಿಚಾರಕರಂತೆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿದರು. ಹಿಂದಿನ ಸಂಜೆಯೇ ಚಿಪ್ಪಿನೊಳಗಿಂದ ಚಿಂವ್ ಚಿಂವ್ ಕೇಳಿತ್ತು. ಹೇಂಟೆಯೂ ಮೆಲ್ಲಗೆ ಉತ್ತರ ಕೊಡುತ್ತಿತ್ತು. ಒಂದು ಮೊಟ್ಟೆಯಲ್ಲಿ ಸಾಸಿವೆಯಷ್ಟು ತೂತು. ಅದರಲ್ಲಿ ಕೊಕ್ಕಿನ ತುದಿಯ ಬಿಳಿ ಮೊನೆ ಕಾಣಿಸಿ ಮರೆಯಾಗುತ್ತಿತ್ತು. ಚಿಪ್ಪು ಒಡೆಯಲೆಂದೇ ಇರುವ ಮೊನೆ ಅದು, ಕೆಲವು ದಿನಕ್ಕೆ ತಾನೇ ಉದುರುತ್ತದೆ. ಗಂಟೆಗಟ್ಟಲೆ ಕಳೆದರೂ ತೂತು ದೊಡ್ಡದಾಗಲಿಲ್ಲ. ಮೇಷ್ಟ್ರು ಹೆಂಡತಿಯ ಹುಬ್ಬಿನ ಚಿಮಟ ತಂದರು. "ಏ ಮೇಷ್ಟ್ರೇ, ಸುಮ್ನಿರಿ. ಅದು ದಣಿವಾರಿಸ್ಕತಾ ಅದೆ. ಕಿತ್ರೆ ರಕ್ತ ಬತ್ತದೆ" ಎಂದು ಅಮ್ಮ ಗದರಿದರು. ಅಮ್ಮ ಹೇಳಿದ್ದು ಸರಿ. ಒಳಪೊರೆಯ ರಕ್ತವೂ ಉಳಿದ ಹಳದಿಯೂ ಮರಿಯ ಮೈಗೆ ಸೇರಿಕೊಳ್ಳುವವರೆಗೆ ಅದು ಹೊರಗೆ ಬರಬಾರದು. ಆ ಹಳದಿಯ ಬಲದಲ್ಲೇ ಮರಿ ಎರಡು ದಿನ ಕಾಳಿಲ್ಲದೆ ಇರಬಲ್ಲದು. ಹಾಗಾಗಿ ಮೇಷ್ಟ್ರು ಜೇಬಿನಲ್ಲಿ ಸಿದ್ಧವಿಟ್ಟುಕೊಂಡಿದ್ದ ನುಚ್ಚು ಅಂದು ಗುಬ್ಬಿಗಳ ಪಾಲಾಯಿತು.

ಕೊಕ್ಕರೆ ರೋಗದ ಲಸಿಕೆಯದು ಇನ್ನೊಂದು ಕಥೆ. ಮೊದಲ ವಾರದಲ್ಲೇ ಮರಿಯ ಕಣ್ಣಿಗೆ ಒಂದು ತೊಟ್ಟು ಬಿಡಬೇಕು. ಬಿಡದೆ ರೋಗ ಬಂದರೆ ಕೇರಿಗೆ ಕೇರಿಯೇ ಖಾಲಿ. ನಮ್ಮಲ್ಲಿ ಇದ್ದದ್ದು ಒಂದು ಡಜನ್ ಮರಿ. ಸಿಕ್ಕ ಅತಿ ಚಿಕ್ಕ ಸೀಸೆಯಲ್ಲಿದ್ದದ್ದು 100 ಕೋಳಿಗಾಗುವಷ್ಟು ಮದ್ದು. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ತಣ್ಣಗಿರಬೇಕು. ಮಿಕ್ಕಿದ್ದನ್ನು ಚೆಲ್ಲುವುದು ಗಣಿತದವರಿಂದ ಆಗುವ ಕೆಲಸವಲ್ಲ. ಫ್ಲಾಸ್ಕಿಗೆ ಐಸ್ ತುಂಬಿ ಸೀಸೆಯನ್ನು ಅದರಲ್ಲಿಟ್ಟುಕೊಂಡು, ಬಡಾವಣೆ ದಾಟಿ ಹಳೇ ಊರಿನ ಬೀದಿಗಳಲ್ಲಿ, "ಕೋಳಿ ಇದೆಯೇನಮ್ಮಾ, ಹನಿ ಹಾಕಿಸ್ತೀರಾ?" ಎಂದು ಪೋಲಿಯೊ ಭಾನುವಾರದಂತೆ ಮನೆ ಮನೆ ಹತ್ತಿ ಇಳಿದರು. ಹಿಂದೆ ಫ್ಲಾಸ್ಕು ಹೊತ್ತವನು ನಾನು. ಅಂದಿನಿಂದ ಆ ಬೀದಿಯ ಹೆಂಗಸರು ನಮ್ಮನ್ನು ಪಶುಪಾಲನೆ ಇಲಾಖೆಯವರೆಂದೇ ತಿಳಿದು, ಸಾಲದ ಅರ್ಜಿ ಏನಾಯಿತೆಂದು ಕೇಳುತ್ತಿದ್ದಾರೆ.

ಕಾಗೆಯ ಪಾಲು, ಮುಂಗುಸಿಯ ಪಾಲು ಹೋದ ಮೇಲೆ ಉಳಿದವು ಬೆಳೆದವು. ಬೆಳೆದಂತೆ ಒಂದೊಂದರ ತಲೆಯ ಮೇಲೂ ಜುಟ್ಟು ಕೆಂಪಾಗತೊಡಗಿತು. ಏಳು ಹುಂಜ, ಎರಡು ಹೇಂಟೆ. ಸಂಭವನೀಯತೆ ಎಂಬ ಪಾಠವನ್ನೇ ಬಹಳ ವರ್ಷ ಹೇಳಿದ್ದ ಮೇಷ್ಟ್ರಿಗೆ ಇದು ವೈಯಕ್ತಿಕ ಅವಮಾನವಾಗಿ ಕಂಡಿತು.

ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಅಜ್ಜಿಯ ಊರಿನಲ್ಲಿ ಇದ್ದದ್ದು ಒಂದೇ ಹುಂಜ, ಆಕೆ ಪುಣ್ಯವಂತೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ಹಗಲೂ ರಾತ್ರಿ ಮಬ್ಬು ಬೆಳಕಿನಲ್ಲೇ ಇಟ್ಟು ನೋಡಿ, ಅವು ಸೂರ್ಯನನ್ನು ಕಂಡು ಕೂಗುವುದಿಲ್ಲ, ಗಡಿಯಾರ ಅವುಗಳ ಮೈಯೊಳಗೇ ಇದೆ ಎಂದು 2013ರಲ್ಲಿ ತೋರಿಸಿದರು. ಗುಂಪಿನ ಯಜಮಾನ ಮೊದಲು ಕೂಗಬೇಕು, ಉಳಿದವು ಅಂತಸ್ತಿನ ಪ್ರಕಾರ ಆಮೇಲೆ ಎಂಬುದನ್ನೂ 2015ರಲ್ಲಿ ಕಂಡುಕೊಂಡರು. ನಮ್ಮ ಬೀದಿಗೆ ಇದನ್ನು ತಿಳಿಯಲು ವಿಶ್ವವಿದ್ಯಾಲಯ ಬೇಕಾಗಲಿಲ್ಲ. ನಸುಕಿನ ಮೂರೂವರೆಗೆ ಹಿರಿಯವನು ಶುರು ಮಾಡಿದರೆ ಕಿರಿಯವನ ಸರದಿ ಮುಗಿಯುವ ಹೊತ್ತಿಗೆ ಹಿರಿಯವನಿಗೆ ಮತ್ತೆ ಗಂಟಲು ತುರಿಸುತ್ತಿತ್ತು. ಅಮೆರಿಕದ ಹೊತ್ತಿಗೆ ಕೆಲಸ ಮಾಡಿ ಮೂರಕ್ಕೆ ಮಲಗುವ ಎದುರುಮನೆಯ ಹುಡುಗ ಒಂದು ದಿನ ಗೇಟಿನ ಹತ್ತಿರ ಬಂದು, ಏನೂ ಮಾತಾಡದೆ, ಕೆಂಪು ಕಣ್ಣಿನಿಂದ ನಮ್ಮನ್ನೇ ನೋಡಿಕೊಂಡು ನಿಂತಿದ್ದ.

ಎರಡೂ ಮನೆಯವರು ಮಾಂಸ ತಿನ್ನುವವರೇ. ಯುಗಾದಿ ಹತ್ತಿರ ಬಂದಿತ್ತು, ಅದರ ಮಾರನೆಯ ದಿನ ಹೊಸತೊಡಕು. ಲೆಕ್ಕ ಸುಲಭವಾಗಿಯೇ ಇತ್ತು. ಆದರೆ ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಕಟ್ಟಿದವರು ಕೋಳಿಗೆ ಹೆಸರಿಟ್ಟವರಲ್ಲ. ನಮ್ಮವಕ್ಕೆ ಒಂದೊಂದಕ್ಕೂ ಹೆಸರಿತ್ತು, ಕರೆದರೆ ಬರುತ್ತಿದ್ದವು. "ನಿಮ್ಮ ಪಾಲಿನದು ನಾವು, ನಮ್ಮ ಪಾಲಿನದು ನೀವು" ಎಂದು ಮೇಷ್ಟ್ರು ಒಂದು ಸೂತ್ರ ಮಂಡಿಸಿದರು. ಅವರ ಮನೆಯವರು ಒಳಗಿಂದಲೇ, "ಹೆಸರು ಹೇಳಿ ಬಾಣಲೆಗೆ ಹಾಕ್ತೀರಾ?" ಎಂದು ಕೇಳಿದ ಮೇಲೆ ಸೂತ್ರ ಬಿದ್ದುಹೋಯಿತು. ಕೊನೆಗೆ ಏಳನ್ನೂ ಆಟೋದಲ್ಲಿ ತುಂಬಿ, ಆ ಮೊಟ್ಟೆ ಕೊಟ್ಟ ಶಿಷ್ಯನ ತೋಟಕ್ಕೇ ಬಿಟ್ಟು ಬಂದೆವು. ಅವನು ಹೊಸತೊಡಕಿಗೆ ಎರಡೂ ಮನೆಯವರನ್ನು ಕರೆದ.

ಹೋದೆವು. ಮುದ್ದೆ, ನಾಟಿಕೋಳಿ ಸಾರು. ತಟ್ಟೆಗೆ ಬಂದ ಕಾಲಿನ ತುಂಡನ್ನು ಮೇಷ್ಟ್ರು ಬಹಳ ಹೊತ್ತು ಮುಟ್ಟಲಿಲ್ಲ. ನಾನೂ ಮುದ್ದೆಯನ್ನೇ ಉರುಳಿಸುತ್ತಾ ಕೂತೆ.

"ಯಾಕ್ ಸಾರ್? ನಿಮ್ದಲ್ಲ ಇದು" ಎಂದ ಅವನು. "ನಿಮ್ಮ ಹುಂಜಗಳು ಅಗೋ, ತೆಂಗಿನ ಬುಡದಲ್ಲಿ ಓಡಾಡ್ತಾ ಇವೆ."

"ಮತ್ತೆ ಇದು?"

"ಇದು ಬೇರೆಯವರು ತಂದು ಬಿಟ್ಟಿದ್ದು. ಹಬ್ಬ ಬಂದ್ರೆ ನಿಮ್ಮಂಥೋರು ಸುಮಾರು ಜನ ಬರ್ತಾರೆ ಸಾರ್, ಟೌನಿಂದ."

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ಆಮೇಲೆ ತಟ್ಟೆ ಮುಂದಕ್ಕೆ ಚಾಚಿ, "ಹಾಗಿದ್ರೆ ಇನ್ನೊಂದು ಸೌಟು ಹಾಕಪ್ಪ" ಎಂದರು.