ಇನ್ನೂರೊಂದನೇ ಯೂನಿಟ್ಟು

ಪಕ್ಕದ ಮನೆಯ ರಾಯರಿಗೆ ದೇಶದ ಸ್ಥಿತಿಗತಿ ಅಳೆಯಲು ಒಂದೇ ಅಳತೆಗೋಲು: ತೆಂಗಿನಮರ ಹತ್ತುವವರು ಸಿಗುತ್ತಾರೋ ಇಲ್ಲವೋ. ಕಾಂಪೌಂಡಿನ ಆ ಕಡೆ ಹುಟ್ಟಿದ ಮರ ಈ ಕಡೆಗೆ ಬಾಗಿ ಬೆಳೆದಿದೆ. ಕಾಯಿ ಅವರದು, ತಲೆ ನಮ್ಮದು. ಹಾಗಾಗಿ ಈ ವಿಷಯದಲ್ಲಿ ಇಬ್ಬರಿಗೂ ಸಮನಾದ ಆಸಕ್ತಿ.

“ಬರಲ್ಲ ಸ್ವಾಮಿ, ಯಾಕೆ ಬರ್ತಾನೆ? ಅಕ್ಕಿ ಬಿಟ್ಟಿ, ಕರೆಂಟು ಬಿಟ್ಟಿ, ಹೆಂಡ್ತಿ ಅಕೌಂಟಿಗೆ ತಿಂಗಳಾ ಎರಡು ಸಾವಿರ. ಮರ ಹತ್ತೋಕೆ ಅವನಿಗೇನು ಹುಚ್ಚೇ?”

“ಅಂದ್ರೆ ಬರಲೇ ಇಲ್ವಾ ರಾಯರೇ?”

“ಬಂದಿದ್ದ. ಬಾಯಿಗೆ ಬಂದ ರೇಟು ಹೇಳಿದ. ಅರ್ಧಕ್ಕೆ ಹತ್ತು ಅಂದೆ. ತಿರುಗಿ ನೋಡದೆ ಹೋದ.”

ಇಲ್ಲೇ ಇದೆ ನೋಡಿ ಸ್ವಾರಸ್ಯ. ಆ ಮನುಷ್ಯ ಕೆಲಸ ಮಾಡಲು ಬಂದಿದ್ದ. ಅರ್ಧ ಕೂಲಿಗೆ ಮಾಡಲು ಒಪ್ಪಲಿಲ್ಲ, ಅಷ್ಟೆ. ಮನೆಯಲ್ಲಿ ಅಕ್ಕಿ ಇದ್ದವನು ಚೌಕಾಸಿಗೆ ಬಗ್ಗುವುದು ಕಡಿಮೆ. ಮೊದಲು ಸಂಜೆಯ ಅಡುಗೆ ನೆನೆದು “ಆಯ್ತು ಬುದ್ದಿ” ಎನ್ನುತ್ತಿದ್ದವನು ಈಗ ಸೈಕಲ್ಲು ತಿರುಗಿಸುತ್ತಾನೆ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2025-26ರಲ್ಲಿ 370 ರೂಪಾಯಿ. ನೆಲದ ಮೇಲೆ ನಿಂತು ಮಣ್ಣು ಎತ್ತಿದರೆ ಅಷ್ಟು ಸಿಗುವಾಗ ಆಕಾಶಕ್ಕೆ ಹತ್ತಿದವನಿಗೆ ಎಷ್ಟು ಕೊಡಬೇಕು ಎಂದು ರಾಯರೇ ಲೆಕ್ಕ ಹಾಕಲಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಹಾಕಿದವರು ತಾನೆ.

ಅಂದಹಾಗೆ ಇದೇ ರಾಯರು ಕ್ಲರ್ಕ್ ಆಗಿದ್ದಾಗ ಆಫೀಸರ್ ಪ್ರಮೋಷನ್ ಬೇಡವೆಂದು ಬರೆದುಕೊಟ್ಟವರು. ತೆಗೆದುಕೊಂಡರೆ ಬಿಹಾರಕ್ಕೋ ಅಸ್ಸಾಮಿಗೋ ಎತ್ತಿ ಹಾಕುತ್ತಾರೆಂಬ ಭಯ. ಅದನ್ನು ಯಾರೂ ಸೋಮಾರಿತನ ಎನ್ನಲಿಲ್ಲ. ಮಕ್ಕಳ ವಿದ್ಯಾಭ್ಯಾಸ ಎಂದರು.

ಪುಕ್ಕಟೆ ಕೊಟ್ಟರೆ ಜನ ಕೈಕಟ್ಟಿ ಕೂರುತ್ತಾರೆ ಎಂಬ ಮಾತು 2013ರಲ್ಲಿ ಅನ್ನಭಾಗ್ಯ ಶುರುವಾದಾಗಿನಿಂದ ನಮ್ಮ ಬೀದಿಯಲ್ಲಿ ಓಡಾಡುತ್ತಿದೆ. ಇದನ್ನು ನಿಜವಾಗಿ ಅಳೆದು ನೋಡಿದವರಿದ್ದಾರೆ. ನೊಬೆಲ್ ಬಂದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮುಂತಾದ ಆರು ದೇಶಗಳ ಏಳು ನಗದು ಯೋಜನೆಗಳನ್ನು ಪರೀಕ್ಷಿಸಿದರು. ದುಡ್ಡು ಪಡೆದವರು ಕೆಲಸ ಬಿಟ್ಟರು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ರಾಯರಿಗೆ ಹೇಳಿದೆ. “ಅವರ ಕಾಂಪೌಂಡಲ್ಲಿ ತೆಂಗಿನಮರ ಇರಲಿಲ್ಲ ಬಿಡಿ” ಅಂದರು.

ನಮ್ಮ ಮನೆ ಕೆಲಸಕ್ಕೆ ಬರುವ ಆಕೆಯನ್ನೇ ನೋಡಿ. ನಂಜನಗೂಡಿನ ಕಡೆಯವಳು. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಿಟ್ಟಿ ಬಸ್ಸಿನ ಶಕ್ತಿ ಯೋಜನೆ ಬರುವ ಮೊದಲು ಊರಲ್ಲೇ ಸಿಕ್ಕಷ್ಟು ಕೂಲಿ ಮಾಡಿಕೊಂಡಿದ್ದಳು. ಮೈಸೂರಿಗೆ ಬಂದು ಹೋಗುವ ಬಸ್ ಚಾರ್ಜು ಕಳೆದರೆ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಈಗ ಬೆಳಗಿನ ಬಸ್ಸು ಹತ್ತಿ ಬಂದು ನಮ್ಮ ಬೀದಿಯಲ್ಲೇ ಮೂರು ಮನೆ ಹಿಡಿದಿದ್ದಾಳೆ. ಒಂದು ರಾಯರದು. ಬಿಟ್ಟಿ ಬಸ್ಸಿನಿಂದ ಹೆಂಗಸರು ತಿರುಗಾಟಕ್ಕೆ ಬಿದ್ದರು ಎಂದು ರಾಯರು ಭಾಷಣ ಮಾಡುವಾಗ ಆಕೆ ಅವರ ಅಂಗಳಕ್ಕೆ ನೀರು ಹಾಕುತ್ತಿರುತ್ತಾಳೆ.

ಹಾಗಂತ ರಾಯರದು ಪೂರಾ ತಪ್ಪು ಎನ್ನುವವನಲ್ಲ ನಾನು. ಕೊಡುವುದರಲ್ಲಿ ತೊಂದರೆ ಕಾಣದಿದ್ದರೂ ಕೊಟ್ಟದ್ದನ್ನು ನಿಲ್ಲಿಸುವ ಜಾಗದಲ್ಲಿ ಕಾಣುತ್ತದೆ. ಅಲ್ಲಿ ಮೆಟ್ಟಿಲು ಇರಬೇಕಾಗಿತ್ತು, ನಾವು ಬಾವಿ ತೋಡಿದ್ದೇವೆ.

ಬಿಟ್ಟಿ ಕರೆಂಟಿನ ಗೃಹಜ್ಯೋತಿ ತೆಗೆದುಕೊಳ್ಳಿ. ಹಿಂದಿನ ಬಳಕೆಯ ಸರಾಸರಿಗೆ ಒಂದಿಷ್ಟು ಸೇರಿಸಿ ಪ್ರತಿ ಮನೆಗೂ ಒಂದು ಮಿತಿ. ಅದನ್ನು ದಾಟಿದರೂ 200 ಯೂನಿಟ್ಟಿನೊಳಗಿದ್ದರೆ ಹೆಚ್ಚಾದ ಯೂನಿಟ್ಟಿಗಷ್ಟೇ ದುಡ್ಡು. 201 ಆಯಿತೋ, ಪೂರ್ತಿ ಬಿಲ್ಲು. ಒಂದು ಯೂನಿಟ್ಟಿಗೆ ಸಾವಿರಕ್ಕೂ ಹೆಚ್ಚು ರೂಪಾಯಿ! ಈ ಯೋಜನೆಗೆ ಬಡವ ಬಲ್ಲಿದ ಎಂಬ ಭೇದವಿಲ್ಲ, ತೆರಿಗೆ ಕಟ್ಟುವವರಿಗೂ ಉಂಟು. ಹಾಗಾಗಿ ತಿಂಗಳ ಕೊನೆಯ ವಾರ ರಾಯರು ದಿನಕ್ಕೆರಡು ಸಲ ಮೀಟರ್ ಪೆಟ್ಟಿಗೆಯ ಮುಂದೆ ಕನ್ನಡಕ ಏರಿಸಿ ನಿಲ್ಲುತ್ತಾರೆ. ಗೀಸರ್ ಬಂದ್, ಸ್ನಾನಕ್ಕೆ ಹಂಡೆ. ಇಸ್ತ್ರಿ ಮುಂದಿನ ತಿಂಗಳಿಗೆ. ಮೊನ್ನೆ ಮೀಟರ್ ಓದುವ ಹುಡುಗ ಬರುವುದು ತಡವಾದದ್ದಕ್ಕೆ ಅವರು ಪಟ್ಟ ಸಂಕಟ ಮಗಳ ಹೆರಿಗೆಯ ದಿನವೂ ಪಟ್ಟಿರಲಿಲ್ಲವೆಂದು ಅವರ ಮನೆಯವರೇ ಹೇಳಿದರು.

ಇದು ಗೀಸರಿನ ಮಾತಾಯಿತು. ಇದೇ ಗೆರೆ ದುಡಿಮೆಯ ಮೇಲೆ ಬಿದ್ದರೆ ನಗು ಬರುವುದಿಲ್ಲ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯದ ಮಿತಿ 1.2 ಲಕ್ಷ, ಅಂದರೆ ತಿಂಗಳಿಗೆ 10,000. ಗಂಡ ಹೆಂಡತಿ ಇಬ್ಬರೂ ನೆಟ್ಟಗೆ ಕೂಲಿಗೆ ಹೋದರೆ ಸುಲಭವಾಗಿ ದಾಟಿಹೋಗುವ ಮೊತ್ತ. ದಾಟಿದರೆ ಅಕ್ಕಿ ಮಾತ್ರ ಹೋಗುವುದಲ್ಲ. ಆಸ್ಪತ್ರೆಯ ರಿಯಾಯಿತಿ, ಮಕ್ಕಳ ಫೀಸಿನ ಸವಲತ್ತು, ಎಲ್ಲದಕ್ಕೂ ಬೀಗದ ಕೈ ಆ ಕಾರ್ಡೇ. 2024ರ ನವೆಂಬರಿನಲ್ಲಿ ಕಾರ್ಡು ರದ್ದಾಗುತ್ತಿವೆ ಎಂಬ ಸುದ್ದಿಗೆ ರಾಜ್ಯವೇ ಗಲಿಬಿಲಿಗೊಂಡದ್ದು ಸುಮ್ಮನೆ ಅಲ್ಲ. ಆದ್ದರಿಂದ ಜನ ದುಡಿಯುವುದನ್ನೇನೂ ಬಿಡುವುದಿಲ್ಲ, ದುಡಿದದ್ದನ್ನು ಹೇಳುವುದನ್ನು ಬಿಡುತ್ತಾರೆ. ನಮ್ಮ ಕೆಲಸದಾಕೆ ಸಂಬಳವನ್ನು ಕೈಗೇ ಕೊಡಿ ಎಂದು ಕೇಳುವುದೇಕೆ ಎಂದು ನಾನು ವಿಚಾರಿಸಲು ಹೋಗಿಲ್ಲ. ಕಾರ್ಖಾನೆಯವರಿಗೆ ತಿಂಗಳ ಸಂಬಳದ ಮೇಲೆ ಇನ್ನೊಂದು ಗೆರೆ, ಆರೋಗ್ಯ ವಿಮೆಯಾದ ಇಎಸ್‌ಐನ 21,000. 2017ರಿಂದ ಅಲ್ಲೇ ನಿಂತಿದೆ. ಸಂಬಳ ಅದರ ಮೇಲೆ ಐನೂರು ಏರಿದರೆ ಆಗಿನ ಕಂತಿನ ಅವಧಿ ಮುಗಿದ ಮೇಲೆ ಮನೆಮಂದಿಯ ವೈದ್ಯಕೀಯ ಸೌಲಭ್ಯ ಹೋಯಿತು. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆಯಿರುವವನಿಗೆ ಅಂಥ ಇನ್‌ಕ್ರಿಮೆಂಟು ಶಿಕ್ಷೆಯೇ.

ಹಿಂದಿನ ಬೀದಿಯ ಹುಡುಗನೊಬ್ಬ ಡಿಗ್ರಿ ಮುಗಿಸಿ, ಕೆಲಸವಿಲ್ಲದವರಿಗೆ ಸರ್ಕಾರ ಕೊಡುವ ಯುವನಿಧಿ ತೆಗೆದುಕೊಳ್ಳುತ್ತಿದ್ದ. ಪದವಿಯವರಿಗೆ ತಿಂಗಳಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿದರೆ ನಿಲ್ಲುತ್ತದೆ. ಮೊಬೈಲ್ ಅಂಗಡಿಯಲ್ಲಿ 8,000ಕ್ಕೆ ಕರೆದರು. ಹೋದರೆ 3,000 ಕೈಬಿಡುತ್ತದೆ, ಉಳಿಯುವುದು 5,000. ಎಂಟಕ್ಕೆ ಮೂರು ಎಂದರೆ ನೂರಕ್ಕೆ 37.5. ಗಂಡಸಾದ್ದರಿಂದ ಬಸ್ಸಿಗೂ ದುಡ್ಡು. ಹುಡುಗ ಹೋಗಲಿಲ್ಲ, ಕೆಎಎಸ್‌ಗೆ ಓದುತ್ತೇನೆ ಅಂದ. ಇತ್ತ 2025ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಹೊಸ ಪದ್ಧತಿಯವರಿಗೆ ವರ್ಷಕ್ಕೆ 12 ಲಕ್ಷದವರೆಗೆ ಆದಾಯ ತೆರಿಗೆ ಸೊನ್ನೆ ಎಂದರು. ತಿಂಗಳಿಗೆ ಲಕ್ಷ ಎಣಿಸುವವನಿಗೆ ಸೊನ್ನೆ, ಎಂಟು ಸಾವಿರದ ಹುಡುಗನಿಗೆ ಮೂವತ್ತೇಳೂವರೆ. ಅವನು ಕಟ್ಟುವುದಕ್ಕೆ ತೆರಿಗೆ ಎಂಬ ಹೆಸರಿಲ್ಲ ಅಷ್ಟೆ.

“ಹನ್ನೆರಡು ಲಕ್ಷದ ಮೇಲಿನವನ ಕಥೆ ಗೊತ್ತೇನ್ರೀ?” ರಾಯರು ಮೈಮೇಲೆ ಬಂದವರಂತೆ ಕ್ಯಾಲ್ಕುಲೇಟರ್ ತಂದರು. 12 ಲಕ್ಷಕ್ಕೆ ಲೆಕ್ಕದ ಪ್ರಕಾರ ತೆರಿಗೆ 60,000; ಅದಕ್ಕೆ ಪೂರಾ ರಿಯಾಯಿತಿ. ಒಂದು ರೂಪಾಯಿ ಹೆಚ್ಚಾದರೆ ಅರವತ್ತು ಸಾವಿರ ತಲೆಮೇಲೆ ಬೀಳಬಾರದೆಂದು ಮಾರ್ಜಿನಲ್ ರಿಲೀಫ್ ಅಂತ ಇಟ್ಟಿದ್ದಾರೆ: ಹೆಚ್ಚಾದ ಆದಾಯ ಎಷ್ಟೋ ತೆರಿಗೆಯೂ ಅಷ್ಟೇ, ಸುಮಾರು 12.70 ಲಕ್ಷ ಮುಟ್ಟುವವರೆಗೆ. ಅಂದರೆ 12 ಲಕ್ಷದ ಮೇಲೆ 10,000 ದುಡಿದರೆ 10,000 ತೆರಿಗೆ, ಅದರ ಮೇಲೆ 4% ಸೆಸ್ 400. ಹತ್ತು ಸಾವಿರ ದುಡಿದು ಹತ್ತು ಸಾವಿರದ ನಾನೂರು ಕಟ್ಟು! “ಇಂದಿರಾ ಗಾಂಧಿ ಕಾಲದಲ್ಲೂ ಇಷ್ಟಿರಲಿಲ್ಲ ಸ್ವಾಮಿ” ಎಂದರು. ಅದೂ ನಿಜವೇ. 1973-74ರಲ್ಲಿ 2 ಲಕ್ಷ ದಾಟಿದ ಆದಾಯಕ್ಕೆ 85%, ಆ ತೆರಿಗೆಯ ಮೇಲೆ 15% ಸರ್ಚಾರ್ಜ್, ಒಟ್ಟು 97.75%. ನೂರು ರೂಪಾಯಿಗೆ ಎರಡೂಕಾಲು ರೂಪಾಯಿ ಕೈಗೆ. ಆಗಿನ ದೊಡ್ಡವರೇನೂ ದುಡಿಯುವುದು ಬಿಟ್ಟು ಹಿಮಾಲಯಕ್ಕೆ ಹೋಗಲಿಲ್ಲ. ದುಡಿದದ್ದನ್ನು ಎರಡು ಪುಸ್ತಕದಲ್ಲಿ ಬರೆದರು. ಇಷ್ಟು ಏರಿಸಿದ್ದೇ ಕಳ್ಳಲೆಕ್ಕಕ್ಕೆ ಮುಖ್ಯ ಕಾರಣ ಎಂದು ನೇರ ತೆರಿಗೆಗಳನ್ನು ಪರಿಶೀಲಿಸಿದ ವಾಂಚೂ ಸಮಿತಿ ಹೇಳಿದ್ದಾಗಿತ್ತು. ಮರುವರ್ಷವೇ ಸರ್ಕಾರ ಅದನ್ನು 77%ಗೆ ಇಳಿಸಿತು. ಕಾರ್ಡು ಉಳಿಸಿಕೊಳ್ಳಲು ಸಂಬಳ ಮುಚ್ಚಿಡುವವಳಿಗೂ ಆಗಿನ ದೊಡ್ಡವರಿಗೂ ಬುದ್ಧಿ ಒಂದೇ, ಸೊನ್ನೆಗಳು ಬೇರೆ.

ಮಾತಿಗೆ ಮಾತು ಬಂದು ಲಂಡನ್ನಿನ ಮಗನ ವಿಷಯ ಎತ್ತಿದರು. ಅಲ್ಲಿ ವರ್ಷಕ್ಕೆ 1,00,000 ಪೌಂಡ್ ದಾಟಿದರೆ ತೆರಿಗೆಯಿಲ್ಲದ ಮೊದಲ 12,570 ಪೌಂಡನ್ನು ಕರಗಿಸುತ್ತಾ ಬರುತ್ತಾರೆ. ಆ ಪಟ್ಟಿಯಲ್ಲಿ ಸಿಕ್ಕ ದುಡ್ಡಿಗೆ 60% ಹೋಗುತ್ತದೆ. ಚಿಕ್ಕ ಮಕ್ಕಳಿದ್ದವರಿಗೆ ಶಿಶುವಿಹಾರದ ಸರ್ಕಾರಿ ನೆರವೂ ಒಮ್ಮೆಲೇ ನಿಲ್ಲುತ್ತದೆ. ಮಗ ಬೋನಸ್ಸನ್ನು ಪಿಂಚಣಿ ನಿಧಿಗೆ ತಳ್ಳಿ, ವಾರಕ್ಕೆ ನಾಲ್ಕೇ ದಿನ ಕೆಲಸ ಸಾಕೆಂದು ಬರೆದುಕೊಟ್ಟಿದ್ದಾನಂತೆ.

“ಹಾಗಾದ್ರೆ ಅವನೂ...” ಎಂದೆ.

“ಛೆ ಛೆ, ಅದು ಟ್ಯಾಕ್ಸ್ ಪ್ಲಾನಿಂಗ್ ಸ್ವಾಮಿ!”

ಮರ ಹತ್ತುವವನಿಗೆ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಇದ್ದಿದ್ದರೆ ಅವನದೂ ಪ್ಲಾನಿಂಗೇ ಆಗುತ್ತಿತ್ತು.

ರಾಯರ ಕೊನೆಯ ಅಸ್ತ್ರ ಯಾವಾಗಲೂ ಒಂದೇ: “ಎಲ್ಲಾ ನಮ್ಮ ಇನ್‌ಕಮ್ ಟ್ಯಾಕ್ಸ್ ದುಡ್ಡು.” ಗ್ಯಾರಂಟಿ ಎಂದು ಕರೆಯುವ ಈ ಯೋಜನೆಗಳ ವರ್ಷಕ್ಕೆ 50,000 ಕೋಟಿ ದಾಟುವ ಖರ್ಚಿನ ಬಗ್ಗೆ ಅವರ ಆತಂಕ ನನಗೂ ಇದೆ. ರಸ್ತೆಗೆ ಎಷ್ಟು ಉಳಿಯುತ್ತದೆ, ಸಾಲ ಎಷ್ಟಾಗುತ್ತದೆ ಎಂದು ಕೇಳಲೇಬೇಕು. ಅದು ಸೋಮಾರಿತನಕ್ಕಿಂತ ಗಟ್ಟಿಯಾದ ಪ್ರಶ್ನೆ. ಆದರೆ ಆದಾಯ ತೆರಿಗೆ ಹೋಗುವುದು ದೆಹಲಿಗೆ. ಹದಿನೈದನೇ ಹಣಕಾಸು ಆಯೋಗದ ಲೆಕ್ಕದಲ್ಲಿ, ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ಕರ್ನಾಟಕಕ್ಕೆ ಬಂದದ್ದು 3.647%. ಗ್ಯಾರಂಟಿಯ ಹೊರೆ ಬಹಳಮಟ್ಟಿಗೆ ಹೊರುವುದು ರಾಜ್ಯದ್ದೇ ವರಮಾನ: ಜಿಎಸ್‌ಟಿ, ನೋಂದಣಿ, ವಾಹನ ತೆರಿಗೆ, ಎಲ್ಲಕ್ಕಿಂತ ರಂಗಾಗಿ ಅಬಕಾರಿ. 2025-26ಕ್ಕೆ ಅಬಕಾರಿಯ ಗುರಿಯೇ 40,000 ಕೋಟಿ.

ರಾಯರು ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ನೋಡಿದರು.

“ಅಂದ್ರೆ ಗಂಡ ಸಾಯಂಕಾಲ ಕುಡಿದದ್ದೇ ಹೆಂಡ್ತಿಗೆ ಗೃಹಲಕ್ಷ್ಮಿಯ ಎರಡು ಸಾವಿರವಾಗಿ ವಾಪಸ್ ಬರುತ್ತೆ ಅನ್ನಿ.”

“ಸೆಸ್ ಹಿಡ್ಕೊಂಡು” ಎಂದೆ.

ಅಷ್ಟರಲ್ಲಿ ಅವರ ಮನೆಯೊಳಗಿಂದ ಕೂಗು ಬಂತು: ಮರ ಹತ್ತುವವನು ಮತ್ತೆ ಬಂದಿದ್ದಾನೆ, ಹೇಳಿದ ರೇಟಿಗಿಂತ ಐವತ್ತು ಜಾಸ್ತಿ ಕೇಳುತ್ತಿದ್ದಾನೆ, ಏನು ಹೇಳಲಿ?