ಪುಸ್ತಕಕ್ಕೆ ತಾಳೆಯಾಗದ ಪುಣ್ಯಭೂಮಿ

ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾಲೆಸ್ಟೈನ್‌ಗೆ ಹೋದ ಪಾಶ್ಚಾತ್ಯ ಯಾತ್ರಿಕರಿಗೆ ಅಲ್ಲಿ ಹೊಸದಾಗಿ ನೋಡುವಂಥದ್ದೇನೂ ಇರಲಿಲ್ಲ. ಎಲ್ಲವನ್ನೂ ಮನೆಯಲ್ಲೇ ಬೈಬಲಿನಲ್ಲಿ ಓದಿ ಮುಗಿಸಿದ್ದರು. ಓದಿದ್ದಕ್ಕೆ ಊರು ತಾಳೆಯಾಗುತ್ತದೋ ಇಲ್ಲವೋ ಎಂಬ ತಪಾಸಣೆಯಷ್ಟೇ ಬಾಕಿ. ತಾಳೆಯಾಗಲಿಲ್ಲ. ತಪ್ಪು ಊರಿನದೇ ಎಂದು ತೀರ್ಪಾಯಿತು.

1867ರಲ್ಲಿ ತಲೆಗೆ 1,250 ಡಾಲರ್ ದರದ ‘ಕ್ವೇಕರ್ ಸಿಟಿ’ ಹಡಗಿನಲ್ಲಿ ಹೊರಟವರ ಪೈಕಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಕೂಡ ಒಬ್ಬ. ಪ್ಯಾಲೆಸ್ಟೈನ್ ಅಮೆರಿಕದಷ್ಟೇ ದೊಡ್ಡದು ಅಂದುಕೊಂಡಿದ್ದನಂತೆ. ನೋಡಿದರೆ ಅಂಗೈಯಗಲದ ನಾಡು. ಕಾಲಿಟ್ಟದ್ದು ಸೆಪ್ಟೆಂಬರಿನಲ್ಲಿ, ಕೊಯ್ಲು ಮುಗಿದು ಮಳೆ ಇನ್ನೂ ಬಾರದ ಹೊತ್ತಿನಲ್ಲಿ. ಒಣಗಿದ ಹೊಲ ಕಂಡವನೇ ನಾಡೇ ಹಾಳು ಸುರಿಯುತ್ತಿದೆ ಎಂದು ಬರೆದ. ಯಾಫಾದ ಕಿತ್ತಳೆ ಹಡಗೇರುತ್ತಿತ್ತು, ನಾಬ್ಲುಸ್‌ನಲ್ಲಿ ಆಲಿವ್ ಎಣ್ಣೆಯ ಸಾಬೂನು ತಯಾರಾಗುತ್ತಿತ್ತು, ನಿಜ. ಆದರೆ ಯಾತ್ರಿಕರಿಗೆ ಬೇಕಿದ್ದದ್ದು ಭಕ್ತಿಯ ಕಣ್ಣೀರು; ಸಾಬೂನಿನದ್ದಲ್ಲ.

ಸಹಯಾತ್ರಿಕರನ್ನೂ ಟ್ವೇನ್ ಬಿಡಲಿಲ್ಲ ಎಂಬುದಷ್ಟೇ ಸಮಾಧಾನ. ಗಲಿಲಿ ಸರೋವರದಲ್ಲಿ ದೋಣಿಯವನು ಎರಡು ನೆಪೋಲಿಯನ್ ನಾಣ್ಯ, ಅಂದರೆ 8 ಡಾಲರ್ ಕೇಳಿದ. ಕ್ರಿಸ್ತ ನಡೆದ ನೀರಿನ ಮೇಲೆ ತೇಲಲು ಸಾಗರ ದಾಟಿ ಬಂದ ಭಕ್ತರು ಒಂದಕ್ಕೆ ಚೌಕಾಸಿ ಮಾಡಿದರು. ದೋಣಿ ಹೊರಟೇ ಹೋಯಿತು. ದಡದಲ್ಲಿ ಉಳಿದದ್ದು ಪುಣ್ಯಾತ್ಮರ ಬೈದಾಟ.

ಊರು ಒಪ್ಪಿಗೆಯಾಗದಿದ್ದರೆ ಇನ್ನೊಂದು ದಾರಿಯೂ ಇತ್ತು. ಯೇಸುವಿನ ಸಮಾಧಿಯ ಚರ್ಚ್‌ನಲ್ಲಿ ಗ್ರೀಕ್, ಲ್ಯಾಟಿನ್, ಅರ್ಮೇನಿಯನ್ ಪಾದ್ರಿಗಳ ಜಟಾಪಟಿ, ಜೊತೆಗೆ ಧೂಪದ ಹೊಗೆ. ಪ್ರೊಟೆಸ್ಟೆಂಟರಿಗೆ ಇದು ಒಗ್ಗಲಿಲ್ಲ. 1883ರಲ್ಲಿ ಜೆರುಸಲೇಮಿನಲ್ಲಿದ್ದ ಬ್ರಿಟಿಷ್ ಜನರಲ್ ಗಾರ್ಡನ್, ಕೋಟೆಯಾಚೆಯ ತಲೆಬುರುಡೆಯಾಕಾರದ ದಿಬ್ಬವೇ ಕ್ರಿಸ್ತನನ್ನು ಶಿಲುಬೆಗೇರಿಸಿದ ನಿಜವಾದ ಗೊಲ್ಗೊಥಾ ಎಂದು ಪಟ್ಟು ಹಿಡಿದ. ಪಕ್ಕದಲ್ಲೇ ಬಂಡೆ ಕೊರೆದ ಸಮಾಧಿಯೊಂದು ತಯಾರಾಗಿತ್ತು. 1894ರಲ್ಲಿ ಇಂಗ್ಲಿಷರು ಜಾಗವನ್ನು ಕೊಂಡೂಬಿಟ್ಟರು. ಆ ಸಮಾಧಿ ಕ್ರಿಸ್ತನಿಗಿಂತ ಶತಮಾನಗಳಷ್ಟು ಹಳೆಯದೆಂದು ಆಮೇಲೆ ಪುರಾತತ್ತ್ವಜ್ಞರು ಹೇಳಿದರು. ಇದ್ದರೇನಂತೆ, ತೋಟ ಚೆನ್ನಾಗಿದೆ, ಗಲಾಟೆಯಿಲ್ಲ!

1898ರಲ್ಲಿ ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್ ಯಾತ್ರೆಗೆ ಬಂದ. ಏರ್ಪಾಡು ಥಾಮಸ್ ಕುಕ್ ಪ್ರವಾಸ ಕಂಪನಿಯದ್ದು. ಸವಾರಿ ಒಳಹೋಗಲೆಂದು ಒಟ್ಟೋಮನ್ ಅಧಿಕಾರಿಗಳು ಜೆರುಸಲೇಮಿನ ಯಾಫಾ ಬಾಗಿಲ ಪಕ್ಕದ ಗೋಡೆ ಒಡೆದು ಕಂದಕ ಮುಚ್ಚಿಸಿದರು. ಕ್ರಿಸ್ತ ಕತ್ತೆಯೇರಿ ಬಂದ ಊರಿಗೆ ಅವನ ಭಕ್ತ ಬರಲು ಬಾಗಿಲು ಸಾಲದಾಯಿತು.